ಕೆಂಪಿಗೆ ಉಡಿ ತುಂಬಿದ ದಿನ

ನಮ್ಮ ಮಾಮಾನಷ್ಟು ಜಾಣ ದಲಾಲಿ ಇಡೀ ಪುಣೆಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ದಡ್ಡ ದಲಾಲಿಯೂ ಇನ್ನೊಬ್ಬರಿಲ್ಲ!

ಎರಡೂ ಮಾತು ಒಬ್ಬರಿಗೇ ಹೇಗೆ ಹೊಂದುತ್ತವೆ ಅಂತೀರಾ? ಮಧ್ಯಾಹ್ನದವರೆಗೆ ಅವರು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ದಲಾಲಿ. ಪೆಂಟಿಯನ್ನು, ಅಂದರೆ ಬೆಲ್ಲದ ಗಟ್ಟಿಯನ್ನು, ಮೂಸಿ, ಉಗುರಿನಿಂದ ಚೂರು ಕೆರೆದು, ಇದು ಯಾವ ಸೀಮೆಯ ಗಾಣದ ಬೆಲ್ಲ ಎಂದು ಹೇಳಬಲ್ಲ ಮನುಷ್ಯ. ಅಲ್ಲಿ ಅವರಿಗೆ ಮೋಸ ಮಾಡಿದವನು ಇನ್ನೂ ಹುಟ್ಟಿಲ್ಲ. ಊಟ ಮಾಡಿ ಕೈ ತೊಳೆದು ಸ್ಕೂಟರ್ ಹತ್ತಿದರೋ, ಮುಗಿಯಿತು, ಆಮೇಲೆ ಅವರು ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರುಗಳ ದಲಾಲಿ. ಅಲ್ಲಿ ಅವರಿಗೆ ಯಾರೂ ಮೋಸ ಮಾಡಬೇಕಾಗಿಲ್ಲ. ತಾವೇ ಮಾಡಿಕೊಳ್ಳುತ್ತಾರೆ.

ಬೇಸ್ ಗಿಟಾರು ಗೊತ್ತಲ್ಲ? ನಾಲ್ಕೇ ದಪ್ಪ ತಂತಿ, ಉದ್ದನೆಯ ಕುತ್ತಿಗೆ. ವೇದಿಕೆಯಲ್ಲಿ ಹಾಡುವವರು ಮುಂದೆ, ತಬಲಾ ಡ್ರಮ್ಮು ಪಕ್ಕಕ್ಕೆ, ಇದನ್ನು ಹಿಡಿದವನು ಪರದೆಗೆ ಬೆನ್ನು ತಾಗಿಸಿಕೊಂಡು ಹಿಂದೆಲ್ಲೋ ನಿಂತು ಘುಂ ಘುಂ ಅನ್ನಿಸುತ್ತಿರುತ್ತಾನೆ. ಅವನನ್ನು ಯಾರೂ ನೋಡುವುದಿಲ್ಲ. ನಾನೊಮ್ಮೆ, "ಮಾಮಾ, ಇದರ ದನಿ ಕೇಳಿಸೂದs ಇಲ್ಲಲ್ರಿ" ಅಂದಿದ್ದಕ್ಕೆ ಅವರು ಊಟದ ತಾಟಿನಿಂದ ತಲೆ ಎತ್ತಿ ಹೇಳಿದ್ದರು: "ಸಾರಿನಾಗ ಉಪ್ಪು ಕೇಳಸ್ತದೇನವಾ? ಇದ್ದಾಗ ಯಾರಿಗೂ ನೆನಪಿರಂಗಿಲ್ಲ. ಇರಲಿಲ್ಲಂದ್ರ ಎಲ್ಲಾರೂ ಮಾರಿ ಕಿವಚತಾರ!"

ನಾನು ಅವರ ಅಕ್ಕನ ಮಗಳು. ಸ್ವಾರಗೇಟಿನ ಹಿಂದೆ ಅವರ ಮನೆಯಿಂದ ಎರಡು ಗಲ್ಲಿ ದಾಟಿದರೆ ನನ್ನ ಮನೆ. ಗಿಟಾರಿನ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕುವುದು, ಬಂದವರ ಇಂಗ್ಲಿಷನ್ನು ಮಾಮಾಗೆ, ಮಾಮಾನ ಬೈಗುಳವನ್ನು ಸ್ವಲ್ಪ ತೊಳೆದು ಬಂದವರಿಗೆ ತಲುಪಿಸುವುದು ನನ್ನ ಕೆಲಸ. ಸಂಬಳವಿಲ್ಲ. ಮಾಮಿಯ ಕೈಯ ಜೋಳದ ರೊಟ್ಟಿ, ಎಣಗಾಯಿ ಪಲ್ಯ ಇದೆ. ಆದ್ದರಿಂದ ನೌಕರಿ ಬಿಟ್ಟಿಲ್ಲ.

ಈ ಹಳೆಯ ಗಿಟಾರಿನ ಹುಚ್ಚರದ್ದು ಒಂದೇ ಮಂತ್ರ: ಒರಿಜಿನಲ್. ಬಣ್ಣ ಒರಿಜಿನಲ್ ಇರಬೇಕು, ಗುಂಡಿ ಒರಿಜಿನಲ್ ಇರಬೇಕು, ಸ್ಕ್ರೂಗೆ ಹಿಡಿದ ತುಕ್ಕು ಕೂಡ ಒರಿಜಿನಲ್ ಇರಬೇಕು! ಮಾಮಾ ಗಿಟಾರನ್ನು ಬೆಲ್ಲ ನೋಡಿದ ಹಾಗೆಯೇ ನೋಡುತ್ತಾರೆ. ಔಂಧದ ಒಬ್ಬ ಡಾಕ್ಟರರ ಮನೆಯಲ್ಲಿ ಐವತ್ತು ವರ್ಷ ಹಳೆಯದೆಂದು ತೋರಿಸಿದ ಗಿಟಾರಿನ ಕುತ್ತಿಗೆ ಬಿಚ್ಚಿಸಿ, ಒಳಗೆ ಮೂಗು ಇಟ್ಟು, ಕಣ್ಣು ಮುಚ್ಚಿ ನಿಂತರು. ಡಾಕ್ಟರರ ಹೆಂಡತಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ಮಾಮಾ ಮೂಗು ಹೊರಗೆ ತೆಗೆದು, "ನಾಲ್ಕ ಸ್ಕ್ರೂದಾಗ ಮೂರು ಖರೇ ಹೇಳತಾವ, ಒಂದು ಸುಳ್ಳು ಹೇಳತದ" ಅಂದರು. ಡಾಕ್ಟರರು ಒಪ್ಪಿಕೊಂಡರು. ಹೋದ ವರ್ಷ ಒಂದು ಸ್ಕ್ರೂ ಬದಲಿಸಿದ್ದರಂತೆ!

ಚೌಕಾಸಿಯಂತೂ ಕೇಳಲೇಬೇಡಿ. ಮಾರ್ಕೆಟ್ಟಿನ ಹಳೆಯ ಪದ್ಧತಿ: ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬಾಯಿ ಬಿಡದೆ ದರ ಹೇಳುವುದು. ಬೆರಳೆಲ್ಲ ಮಡಚಿ ಮುಷ್ಟಿ ಮಾಡಿಸಿದರೆ ವ್ಯಾಪಾರ ಮುರಿಯಿತು ಎಂದರ್ಥ. ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗನೊಬ್ಬ ಮೊದಲ ಸಲ ಬಂದಾಗ ಮಾಮಾ ಹೆಗಲ ಟವೆಲ್ ಅವನ ಕೈಮೇಲೆ ಹಾಕಿ ಬೆರಳು ಹಿಡಿದರು. ಪಾಪ, ಹುಡುಗ ಕೆಂಪಗಾದ.

"ಅಕ್ಕಾ, ಅಂಕಲ್ ಯಾಕೆ ನನ್ ಕೈ ಹಿಡ್ಕೊಂಡಿದಾರೆ?"

"ದರ ಹೇಳ್ತಿದಾರೆ" ಅಂದೆ.

"ವಾಟ್ಸಾಪ್ ಮಾಡಕ್ಕಾಗಲ್ವಾ?"

ಮೂರು ಭೇಟಿಯಲ್ಲಿ ಅವನು ಎಷ್ಟು ಪಳಗಿದನೆಂದರೆ, ಆಮೇಲೆ ತನ್ನದೇ ಟವೆಲ್ ತರತೊಡಗಿದ.

ಆದರೆ ದರ ಕುದುರಿದ ಮಾತ್ರಕ್ಕೆ ಗಿಟಾರು ಸಿಗುತ್ತದೆಯೇ? ಛೇ! ಕೊಳ್ಳುವವನ ಪರೀಕ್ಷೆ ಆಗಬೇಕು. ಮನೆಯಲ್ಲಿ ಯಾರ್‍ಯಾರು ಇದ್ದೀರಿ? ಗೋಡೆಗೆ ತೇವ ಇದೆಯೇ? ಸಿಟ್ಟು ಬಂದಾಗ ಸಾಮಾನು ಎಸೆಯುವ ಚಟವಿದೆಯೇ? ಕನ್ಯೆ ನೋಡಲು ಬಂದವರಿಗೆ ಕೂಡ ಯಾರೂ ಇಷ್ಟು ಕೇಳುವುದಿಲ್ಲ. ಪಾಸಾದ ಮೇಲೆ ಮಾಮಿಯ ಸರದಿ. ಮಾಮಿ ಬಾಗಲಕೋಟೆ ಕಡೆಯ ಹೆಣ್ಣುಮಗಳು. ಗಿಟಾರುಗಳಿಗೆ ಗೌರಿ, ಕರಿಯವ್ವ, ಕೆಂಪಿ ಅಂತ ಹೆಸರಿಟ್ಟವಳು ಅವಳೇ. "ಹೆಣ್ಣಮಗಳನ್ನ ಬರೇ ಉಡೀಲೆ ಕಳಸಬಾರದ್ರಿ" ಎನ್ನುತ್ತ ಹೊರಟು ನಿಂತ ಗಿಟಾರಿಗೆ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ರವಿಕೆಯ ಖಣ ಇಟ್ಟು, ಪೆಟ್ಟಿಗೆಯೊಳಗೇ ಉಡಿ ತುಂಬಿ ಕಳಿಸುತ್ತಾಳೆ. ಗೌರಿಯನ್ನು ಕೊಂಡೊಯ್ದ ದಿಲ್ಲಿಯ ಹುಡುಗನಿಂದ ಸಂಜೆಯೇ ಫೋನು: "ಆಂಟೀಜೀ, ಯೇ ನಾರಿಯಲ್ ಕಹಾಂ ಲಗಾನಾ ಹೈ?"

ತೆಂಗಿನಕಾಯಿಯನ್ನು ಗಿಟಾರಿನ ಯಾವ ಭಾಗಕ್ಕೆ ಜೋಡಿಸಬೇಕು ಎಂದು ಅವನ ಪ್ರಶ್ನೆ!

ಕಳಿಸಿದ ಮೇಲೂ ಸಂಬಂಧ ಮುಗಿಯುವುದಿಲ್ಲ. ಮಾಮಾ ಎಂಟು ದಿನಕ್ಕೊಮ್ಮೆ ಫೋನು ಮಾಡಿ "ಆರಾಮ ಇದ್ದಾಳೇನಪಾ?" ಎಂದು ವಿಚಾರಿಸುತ್ತಾರೆ. ಕರಿಯವ್ವನನ್ನು ಕೊಂಡವನು ಅವಳ ತಲೆಗೆ ಹೆಲ್ಮೆಟ್ ನೇತು ಹಾಕಿದ್ದನ್ನು ಕಣ್ಣಾರೆ ಕಂಡು, ಮಾರಿದ್ದಕ್ಕಿಂತ ಹೆಚ್ಚು ಹಣ ತೆತ್ತು ತವರಿಗೆ ಕರೆತಂದರು. ದಡ್ಡ ದಲಾಲಿ ಅಂದೆನಲ್ಲ, ಸುಮ್ಮನೆ ಅಂದದ್ದಲ್ಲ.

ಇಷ್ಟೆಲ್ಲ ಗದ್ದಲ ಯಾಕೆ? ಒಂದೇ ಒಂದು ಗಿಟಾರಿಗಾಗಿ. ಪ್ರಾಯದಲ್ಲಿ ಮಾಮಾ ಇಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತಿದ್ದರು. ಗಿಟಾರು ಅವರದಲ್ಲ, ಮಾಲೀಕರದ್ದು. ಬಿಳಿಯದು. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಮಾಲೀಕರು ಅದರ ತಲೆಯ ತಂತಿಗೆ ಊದಿನಕಡ್ಡಿ ಸಿಕ್ಕಿಸುತ್ತಿದ್ದರಂತೆ. ಒಮ್ಮೆ ಮರೆತು, ಕಡ್ಡಿ ಪೂರ್ತಿ ಉರಿದು, ಅಲ್ಲೊಂದು ಹುಣಸೆಬೀಜದಷ್ಟು ಕಪ್ಪು ಸುಟ್ಟ ಗುರುತು ಉಳಿಯಿತು. ಆರ್ಕೆಸ್ಟ್ರಾ ಮುಚ್ಚಿತು, ಸಾಮಾನೆಲ್ಲ ಯಾರಯಾರಿಗೋ ಹೋಯಿತು. ಅಂದಿನಿಂದ ಮೂವತ್ತೈದು ವರ್ಷ ಮಾಮಾ ಯಾವ ಬಿಳಿ ಗಿಟಾರು ಕಂಡರೂ ಮೊದಲು ನೋಡುವುದು ಅದರ ತಲೆಯನ್ನೇ.

"ಸಾವಿರ ಪ್ರೋಗ್ರಾಂ ಬಾರಸೇನಿ ಅದರ ಮ್ಯಾಲೆ. ಒಂದs ಒಂದ ಸಲ ಸ್ವರಾ ತಪ್ಪೇತಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

"ಅದ್ಯಾಕ ತಪ್ಪಿತ್ರಿ ಮಾಮಾ?"

"ಗಣಪತಿ ಪೆಂಡಾಲಿನಾಗ, ಆರತಿ ಬಾರಸೂಮುಂದ, ಸೊಳ್ಳಿ ಕಡೀತು."

ಒಳಗೆ ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಗುತ್ತಿದ್ದಳು. ಸೊಳ್ಳೆ ಕಡಿದರೆ ನಗುವಂಥದ್ದು ಏನಿದೆಯೋ ನನಗೆ ತಿಳಿಯುತ್ತಿರಲಿಲ್ಲ.

ಇಲ್ಲೊಂದು ಫ್ರಿಜ್ಜಿನ ಕಥೆ ಹೇಳಬೇಕು. ಹೋದ ವರ್ಷ ಕೆಳಗಿನ ಮನೆಯ ಮರಾಠಿ ಅಜ್ಜಿ ಮೆಟ್ಟಿಲು ಹತ್ತಿ ಬಂದರು. "ಅಹೋ, ದುಪಾರೀ ತುಮಚ್ಯಾ ಘರಾತೂನ್ ಘುಂ ಘುಂ ಆವಾಜ್ ಯೇತೋ!" ಮಧ್ಯಾಹ್ನವಾದರೆ ನಿಮ್ಮ ಮನೆಯಿಂದ ಅದೇನೋ ಸದ್ದು, ನನ್ನ ಡಬ್ಬಿಗಳ ಮುಚ್ಚಳ ನಡುಗುತ್ತವೆ ಎಂದು ದೂರು. ಮಧ್ಯಾಹ್ನ ಮಾಮಾ ಮನೆಯಲ್ಲೇ ಇರುವುದಿಲ್ಲ. ಮಾಮಿ ಮಲಗಿರುತ್ತಾಳೆ. ಹಾಗಾದರೆ ಫ್ರಿಜ್ಜೇ ಇರಬೇಕು! ಮೆಕ್ಯಾನಿಕ್ ಎರಡು ಸಲ ಬಂದು, "ಫ್ರಿಜ್ ಚಾಂಗಲಾ ಆಹೇ, ಕಾಕಾ", ಫ್ರಿಜ್ಜು ಚೆನ್ನಾಗಿಯೇ ಇದೆ ಎಂದು ಹೇಳಿ ಚಹಾ ಕುಡಿದು ಹೋದ. ಮಾಮಾ ಫ್ರಿಜ್ಜಿನ ಕಾಲಿಗೆ ರಬ್ಬರು ಹಾಕಿಸಿದರು. ಕೊನೆಗೆ ಹಳೆಯದನ್ನು ಕೊಟ್ಟು ಹೊಸ ಫ್ರಿಜ್ಜೇ ತಂದರು. ಮೂರನೇ ದಿನ ಅಜ್ಜಿ ಮತ್ತೆ ಹಾಜರು. ಮಾಮಿ ಬಹಳ ಮುಗ್ಧವಾಗಿ, "ಹೊಸಾದೂ ಹಂಗs ಅದ ಅನಸ್ತದ್ರಿ" ಅಂದಳು.

ಈಗ ಕಳೆದ ತಿಂಗಳಿಗೆ ಬರುತ್ತೇನೆ. ಬೆಂಗಳೂರಿನ ಆ ಟವೆಲ್ ಹುಡುಗ ನನಗೊಂದು ಫೋಟೋ ಕಳಿಸಿದ. ಭೋರ್‌ನಲ್ಲಿ ಪೆಂಡಾಲಿನ ಸಾಮಾನು ಬಾಡಿಗೆಗೆ ಕೊಡುವವರ ಅಟ್ಟದ ಮೇಲೆ ಸಿಕ್ಕಿತಂತೆ, ಬಿಳಿ ಗಿಟಾರು. ಫೋಟೋ ದೊಡ್ಡದು ಮಾಡಿ ಮಾಮಾಗೆ ತೋರಿಸಿದೆ. ತಲೆಯ ಮೇಲೆ ಹುಣಸೆಬೀಜದಷ್ಟು ಕಪ್ಪು ಗುರುತು. ಮಾಮಾ ಮೊಬೈಲನ್ನು ಹಿಡಿದವರು ಎಷ್ಟು ಹೊತ್ತಾದರೂ ವಾಪಸು ಕೊಡಲಿಲ್ಲ. ಮೂಸುವುದೊಂದು ಬಾಕಿ!

ಹುಡುಗನಿಗೆ ಹಣ ಬೇಡ, ಅದಲುಬದಲು ಬೇಕು. ಅದೂ ಕೆಂಪಿಯೇ ಬೇಕು. ಮಾಮಾನ ಸಂಗ್ರಹದಲ್ಲಿ ಕೆಂಪಿ ಒಬ್ಬಳೇ ಪೂರ್ತಿ ಒರಿಜಿನಲ್. ಸ್ಕ್ರೂ ಸುಳ್ಳು ಹೇಳುವುದಿಲ್ಲ, ಮೈಮೇಲೆ ಒಂದು ಗೀರಿಲ್ಲ. ಮಾಮಾ ಒಂದು ಗಳಿಗೆ ಕೂಡ ಯೋಚಿಸದೆ ಹೂಂ ಅಂದರು. ಮಾಮಿಗೆ ಹೇಳಿದಾಗ ಅವಳು, "ಕೆಂಪೀನ?" ಎಂದು ಕೇಳಿ, ಕೈಬಳೆ ಹಿಂದಕ್ಕೆ ಸರಿಸಿಕೊಂಡು, "ಇರ್‍ಲಿ ಬಿಡ್ರಿ, ನಿಮ್ಮದು ನಿಮಗ ಸಿಗಲಿ" ಎಂದು ಖಣ ಹುಡುಕಲು ಒಳಗೆ ಹೋದಳು.

ರವಿವಾರ ಹುಡುಗ ಬಂದ. ಬಿಳಿಯದನ್ನು ಮಾಮಾನ ತೊಡೆಯ ಮೇಲಿಟ್ಟ. ಮಾಮಾ ಹೆಬ್ಬೆರಳಿನಿಂದ ಆ ಸುಟ್ಟ ಗುರುತನ್ನು ಸವರುತ್ತ ಕುಳಿತರು. ಅವರ ಕಣ್ಣು ಒದ್ದೆಯಾಗಿತ್ತು, ನಾನು ಆ ಕಡೆ ಈ ಕಡೆ ನೋಡಿದೆ. ಅಷ್ಟರಲ್ಲಿ ಕೆಂಪಿಯನ್ನು ಟಾರ್ಚ್ ಹಿಡಿದು ನೋಡುತ್ತಿದ್ದ ಹುಡುಗ ಅಂದ:

"ಅಂಕಲ್, ಇಲ್ಲಿ ಮೇಲೆ ಅಂಚಲ್ಲಿ ಫುಲ್ ಗೀರುಗಳಿವೆ."

"ಸಾಧ್ಯನs ಇಲ್ಲ! ಕೆಂಪೀ ಮೈಮ್ಯಾಲೆ ನೊಣಾ ಕುಂತ್ರೂ ನನಗ ಗೊತ್ತಾಗ್ತದ!"

ಮಾಮಾ ಕನ್ನಡಕ ಹಾಕಿಕೊಂಡರು. ಇದ್ದವು. ಬಾರಿಸುವಾಗ ಬಲಗೈ ಊರುವ ಜಾಗದಲ್ಲಿ, ಸಣ್ಣ ಸಣ್ಣ ಕಮಾನಿನಂಥ ಹೊಸ ಗೀರುಗಳು, ಒಂದರ ಪಕ್ಕ ಒಂದು. ಮಾಮಾನ ಪಿತ್ತ ನೆತ್ತಿಗೇರಿತು. ಮೊದಲ ಆರೋಪಿ ನಾನೇ. "ಫೋಟೋ ತಗಿಯೂಮುಂದ ಉಂಗುರಾ ತಾಗಿಸೀದಿ!" ನಾನು ಉಂಗುರವೇ ಇಲ್ಲದ ಹತ್ತೂ ಬೆರಳು ತೋರಿಸಿದೆ. ಎರಡನೇ ಆರೋಪಿ ಪಕ್ಕದ ಮನೆಯ ಬೆಕ್ಕು. ಮೂರನೇ ಆರೋಪಿಯನ್ನು ಹುಡುಕುತ್ತಿರುವಾಗ ಮಾಮಿ ಉಡಿಯ ತಟ್ಟೆ ಹಿಡಿದು ಹೊರಗೆ ಬಂದಳು. ಬಲಗೈಯ ಹಸಿರು ಗಾಜಿನ ಬಳೆಗಳು ತಟ್ಟೆಗೆ ತಾಗಿ ಸದ್ದು ಮಾಡಿದವು. ನಮ್ಮೆಲ್ಲರ ಮುಖ ನೋಡಿ, ಕೆಂಪಿಯ ಮೇಲೆ ಬಿದ್ದ ಟಾರ್ಚ್ ನೋಡಿ, ತಟ್ಟೆ ಕೆಳಗಿಟ್ಟು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮಾಮಾ ಗೀರು ನೋಡಿದರು. ಸೆರಗು ನೋಡಿದರು. ಆಮೇಲೆ ಅಡಿಗೆಮನೆಯ ಕಡೆ ನೋಡಿದರು.

"ಹಂಗಾರ… ಆ ಫ್ರಿಜ್ಜು ನೀನs?"

"ನೀವು ಹೊರಗ ಹೋದ ಮ್ಯಾಲೆ, ಸ್ಪೀಕರ್ ಹಚ್ಚಿ ಸಣ್ಣಂಗ ಬಾರಸತಿದ್ದೆ" ಅಂದಳು ಮಾಮಿ, ನೆಲ ನೋಡುತ್ತ. "ನಾಲ್ಕs ತಂತಿ, ಏನ್ ಮಹಾ, ಅಂತ."

"ಯಾರು ಕಲಿಸಿದ್ರು ನಿನಗ?"

"ಯಾರ ಕಲಸಬೇಕ್ರಿ? ಮೂವತ್ತೈದ ವರ್ಷ ಕೇಳೇನಲ್ಲ."

ಬಿಳಿಯದನ್ನು ಸೋಫಾದ ಮೇಲಿಟ್ಟು ಮಾಮಾ ಅವಳನ್ನು ಕೂಡಿಸಿ, ಕೆಂಪಿಯನ್ನು ಎತ್ತಿ ಅವಳ ತೊಡೆಯ ಮೇಲಿಟ್ಟರು. "ಬಾರಸು." ಮಾಮಿ ಒಲ್ಲೆ ಒಲ್ಲೆ ಅಂದಳು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಣಪತಿ ಆರತಿ. ಬಳೆಗಳು ಕೆಂಪಿಯ ಮೈಗೆ ತಾಗುತ್ತಿದ್ದವು, ಬೆರಳು ನಿಧಾನ, ಆದರೆ ತಾಳ ಗಟ್ಟಿ. ಎರಡನೇ ಸಾಲಿನ ಕೊನೆಗೆ ಒಂದು ಸ್ವರ ಜಾರಿತು.

"ಅಲ್ಲಿ ತಪ್ಪೀತು" ಅಂದರು ಮಾಮಾ ಮೆಲ್ಲಗೆ.

"ಇಲ್ರಿ. ನೀವು ಅವತ್ತ ಪೆಂಡಾಲಿನಾಗ ಹಂಗs ಬಾರಸೀರಿ. ಮೂರನೇ ಸಾಲಿನಾಗ ಕುಂತು ಕೇಳೇನಿ ನಾ."

ಪಾಪ, ಹುಡುಗನಿಗೆ ಏನೂ ಅರ್ಥವಾಗಿರಲಿಲ್ಲ. "ಪರ್ವಾಗಿಲ್ಲ ಅಂಕಲ್, ಪಾಲಿಶ್ ಮಾಡಿಸಿದ್ರೆ ಗೀರೆಲ್ಲ ಹೋಗ್ಬಿಡುತ್ತೆ. ನಮ್ ಡೀಲ್ ಡೀಲೇ" ಅಂದ, ಸಮಾಧಾನಕ್ಕೆ.

ಮಾಮಾ ಹೆಗಲಿನ ಟವೆಲ್ ತೆಗೆದು ಅವನ ಕೈಮೇಲೆ ಹಾಕಿದರು. ಒಳಗೆ ಕೈ ಹೋಯಿತು. ಹುಡುಗನ ಐದೂ ಬೆರಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿಸಿದರು. ಅವನು ಪಳಗಿದ ಹುಡುಗ, ಟಾರ್ಚ್ ಆರಿಸಿದ. ಬಿಳಿಯದನ್ನು ಪೆಟ್ಟಿಗೆಗೆ ಇಡುವಾಗ ಮಾಮಾ ಕೊನೆಯದಾಗಿ ಒಮ್ಮೆ ಅದರ ತಲೆ ಸವರಿ, "ಚಂದಾಗಿ ನೋಡಿಕೋ ಅದನ್ನ" ಅಂದರು. ಮಾಮಿ ದುಡುದುಡು ಎದ್ದು ಖಣ, ತೆಂಗಿನಕಾಯಿ ಆ ಪೆಟ್ಟಿಗೆಗೆ ಹಾಕಿದಳು. ಬರಿ ಉಡಿಯಲ್ಲಿ ಕಳಿಸಬಾರದಲ್ಲ!

ಕೆಂಪಿಗೆಂದು ಅಳೆದಿಟ್ಟ ಅಕ್ಕಿ ತಟ್ಟೆಯಲ್ಲೇ ಉಳಿದಿತ್ತು. ಅವತ್ತು ಅದರದ್ದೇ ಪಾಯಸ. ಅದಕ್ಕೆ ಬಿದ್ದ ಬೆಲ್ಲ ಮಾಮಾ ಸ್ವತಃ ಮೂಸಿ ಆರಿಸಿದ್ದು. ಉಣ್ಣುತ್ತ ನಾನು ಸುಮ್ಮನಿರಲಾರದೆ ಕೇಳಿದೆ:

"ಮಾಮಾ, ಅವತ್ತ ಪೆಂಡಾಲಿನಾಗ ಖರೇನs ಸೊಳ್ಳಿ ಕಡಿದಿತ್ತೇನ್ರಿ?"

ಮಾಮಿ ಅವರ ತಾಟಿಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಮಾಮಾ ಅವಳ ಬಳೆಯ ಕಡೆ ನೋಡಿ ಅಂದರು:

"ಕಡಿದಿತ್ತವಾ. ಇನ್ನೂ ತುರಸ್ತದ."