ಟವರಿನ ಬಾವಿ, ನಮ್ಮ ಪಾಳಿ

ಸೌದಾ ಇಷ್ಟು. ಮೊಬೈಲ್ ಕಂಪನಿಯವರು ನಮ್ಮ ಐದು ತಾಲೂಕಿನ ನೆಟ್‌ವರ್ಕಿನಲ್ಲಿ ಒಂದು ಪಾಲು ಬೇರೆ ತೆಗೆದು ನಮಗೆ ಕೊಡುವುದು. ಟವರ್ ಪಕ್ಕದ ಅವರ ಕಂಪ್ಯೂಟರಿನಲ್ಲಿ ನಮ್ಮ ಕೆಲಸ ನಾವೇ ಓಡಿಸಿಕೊಳ್ಳುವುದು. ಮೊದಲ ವರ್ಷ ಬಾಡಿಗೆ ಇಲ್ಲ. ವರ್ಷದ ಕೊನೆಗೆ ತಪಾಸಣೆ. ಪಾಲು ಚೆನ್ನಾಗಿ ಬಳಕೆಯಾಗಿದ್ದರೆ ಮುಂದಿನ ಮೂರು ವರ್ಷ ಅರ್ಧ ಬಾಡಿಗೆ, ಖಾಲಿ ಬಿದ್ದಿದ್ದರೆ ಬಿಚ್ಚಿಕೊಂಡು ಹೋಗುವುದು.

ನನಗೆ ಅದು ಬೇಕಿತ್ತು. ಅಥಣಿಯಲ್ಲಿ ನನ್ನದು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ಹಿಂದಿನ ಬೇಸಿಗೆಯಲ್ಲಿ ಒಂದು ಕೋಣೆ ಬಿಸಿಯಾದಾಗ ನೆಟ್‌ವರ್ಕ್ ಸಿಗದೆ ಸುದ್ದಿ ತಡವಾಗಿ ಬಂತು, ಹೊಂಬಣ್ಣದ ಮಾಲು ಕಪ್ಪಾಯಿತು. ಅಂಗಡಿಗೆ ಹೊಸ ಯಂತ್ರ ಬಂದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಅದಕ್ಕೆ ನಮ್ಮ ರೂಢಿ ಗೊತ್ತಿರುವುದಿಲ್ಲ, ನಮಗೆ ಅದರದು.

ಸಾಹೇಬರ ಚಿತ್ರಗಳು

ಬೆಳಗಾವಿಯಿಂದ ಕಂಪನಿಯ ಸಾಹೇಬರು ಬಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತಿಳಿಸಿದರು. ಊಟದ ಹೊತ್ತಾಯಿತು. ಲೆಕ್ಕ ಬರೆಯುವ ನಮ್ಮ ಮುನೀಮರಿಗೆ ಒಂದೇ ಅನುಮಾನ.

"ನಮ್ಮ ಪಾಲಿನಾಗ ಏನ್ ನಡದೈತಿ ಅಂತ ಬ್ಯಾರೆದವ್ರಿಗೆ ಕಾಣಂಗಿಲ್ಲ ಅಂತೀರಿ. ನಿಮಗ?"

"ನಮಗೂ ಕಾಣಂಗಿಲ್ರಿ. ಎಷ್ಟು ಬಳಸೀರಿ ಅನ್ನೂದಷ್ಟ ಕಾಣತೈತಿ."

ಶೇಡಬಾಳದ ನಮ್ಮ ಕಾಕಾ ಧಂದೆಯಲ್ಲಿ ಪಾಲುದಾರರು. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದವರು ಬಾಯಿ ತೆರೆದರು. "ಅಂದ್ರ ಬಾವಿ ಪಾಲು ಇದ್ದಂಗ. ಬಾವಿ ನಿಮ್ದು, ಪಾಳಿ ನಮ್ದು. ನಮ್ಮ ಪಾಳಿ ನೀರು ಕಬ್ಬಿಗೆ ಬಿಡ್ತೀವೋ, ಅರಿಷಿಣಕ್ಕ ಬಿಡ್ತೀವೋ, ನೀವು ಕೇಳಂಗಿಲ್ಲ."

ಸಾಹೇಬರು ಸ್ವಲ್ಪ ಯೋಚಿಸಿದರು. "ಹೌದ್ರಿ, ಹಂಗ ಅನ್ಕೋರಿ."

ಸಹಿ ಆಯಿತು. ಮರುದಿನ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಗೆ ಸಾಹೇಬರು ಬಾವಿಯಿಂದಲೇ ಶುರು ಮಾಡಿದರಂತೆ. ಚಿತ್ರಗಳನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ದೇವರ ಕ್ರೇಟು

ನಾವು ಓಡಿಸಿದ ಮೊದಲ ಕೆಲಸ ಕ್ರೇಟು ಎಣಿಸುವುದು. ಬಾಗಿಲ ಮೇಲಿನ ಕ್ಯಾಮೆರಾ ನೋಡುತ್ತದೆ, ಟವರಿನ ಕಂಪ್ಯೂಟರ್ ಎಣಿಸುತ್ತದೆ. ನಾನು "ಇಲ್ಲಿ ಯಂತ್ರದ ಎಣಿಕೆಯೇ ಅಂತಿಮ" ಎಂದು ಬೋರ್ಡ್ ಬರೆಸಿ ಹಾಕಿದೆ. ರಾಯಬಾಗ ಕಡೆಯ ರೈತರೊಬ್ಬರು ಮಾಲು ಇಳಿಸಿದರು. ಯಂತ್ರ ಒಂದು ಕ್ರೇಟು ಹೆಚ್ಚಿಗೆ ತೋರಿಸಿತು.

ತಪ್ಪು ನಮ್ಮ ರೂಢಿಯದು. ನಮ್ಮಲ್ಲಿ ಪ್ರತಿ ಗಾಡಿಯ ಮೊದಲ ಕ್ರೇಟು ಒಳಗಿನ ದೇವರ ಮುಂದೆ ಹೋಗಿ, ಕುಂಕುಮ ಹಚ್ಚಿಸಿಕೊಂಡು ಹೊರಗೆ ಬಂದು, ತೂಕ ಆದಮೇಲೆ ಮತ್ತೆ ಒಳಗೆ ಹೋಗುತ್ತದೆ. ಕ್ಯಾಮೆರಾ ಅದನ್ನು ಎರಡು ಸಲ ಹಿಡಿದಿತ್ತು.

"ಪಾವತಿ ಚೀಟಿ ಯಂತ್ರದ ಪ್ರಕಾರ ಬರೀರಿ," ಎಂದರು ರೈತರು.

"ಗಾಡ್ಯಾಗ ಇಲ್ಲದ ಕ್ರೇಟು ಹೆಂಗ ಬರೀಲ್ರಿ?" ಎಂದರು ಮುನೀಮರು.

"ಬೋರ್ಡ್ ನಂದಲ್ಲ, ನಿಮ್ದು."

ಮುನೀಮರು ಪೆನ್ನು ತೆಗೆದರು. "ಆತು, ಬರೀತೀನಿ. ಮಾಲು ಇಡೂ ಬಾಡಿಗಿನೂ ಒಂದು ಕ್ರೇಟಿಂದು ಹೆಚ್ಚಿಗಿ ಹಚ್ಚತೀನಿ."

ರೈತರು ಬೋರ್ಡನ್ನು ಇನ್ನೊಮ್ಮೆ ಓದಿದರು. "ಯಂತ್ರನೂ ಒಮ್ಮೊಮ್ಮೆ ತಪ್ಪತೈತ್ರಿ, ಪಾಪ."

ಉಗಾರದ ಹಾದಿ

ಕಬ್ಬಿನ ಹಂಗಾಮಿನಲ್ಲಿ ಉಗಾರ ಖುರ್ದದ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳ ಸಾಲು, ಸಾಲಿನಲ್ಲಿ ಕೂತವರೆಲ್ಲರ ಕೈಯಲ್ಲಿ ಫೋನು. ಯಾರಿಗೂ ನೆಟ್‌ವರ್ಕ್ ಹತ್ತುವುದಿಲ್ಲ. ನಮ್ಮ ತಂಪು ಗಾಡಿಯಲ್ಲಿ ಮಾತ್ರ ನಮ್ಮ ಪಾಲಿನ ನೆಟ್‌ವರ್ಕ್ ಹಿಡಿದು ವೈಫೈ ಕೊಡುವ ಪೆಟ್ಟಿಗೆ ಇತ್ತು. ಒಂದು ದಿನ ಗಾಡಿ ಅಲ್ಲೇ ನಿಂತದ್ದು ಪರದೆಯ ಮೇಲೆ ಕಂಡಿತು. ಡ್ರೈವರನಿಗೆ ಫೋನ್ ಮಾಡಿದೆ.

"ಯಾಕ ನಿಂತೀಯೋ?"

"ಬಿಡವಲ್ರು ಸಾವಕಾರ್ರ. ನಮ್ಮ ಪೆಟ್ಟಗಿ ಮ್ಯಾಲೆ ಎಲ್ಲಾರೂ ಮನಿಗೆ ವಿಡಿಯೋ ಫೋನ್ ಹಚ್ಯಾರ. ನಾ ಹೋದ್ರ ಕಟ್ ಆಗತೈತಿ ಅಂತ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸ್ಯಾರ."

"ಪಾಸ್‌ವರ್ಡ್ ಯಾಕ ಕೊಟ್ಟಿ?"

"ಪಾಸ್‌ವರ್ಡ್ ಅಲ್ರಿ, ಪಾಳಿ ಕೊಟ್ಟೀನಿ. ಬಾವಿ ಇದ್ದಂಗ ಅಂತ ಕಾಕಾರ ಹೇಳ್ಯಾರಲ್ಲ."

ತಪಾಸಣೆ

ವರ್ಷದ ಕೊನೆಗೆ ಸಾಹೇಬರ ಜೊತೆ ಅವರ ಮೇಲಿನ ಸಾಹೇಬರೂ ಬಂದರು. ನನಗೆ ಒಳಗೊಳಗೆ ಅಳುಕು. ಮಾಲು ಬರುವ ಕಾಲ ಮುಗಿದಿತ್ತು, ಎಣಿಸಲು ಕ್ರೇಟು ಇರಲಿಲ್ಲ. ಕೋಣೆಗಳ ತಂಪು ನೋಡುವ ಕೆಲಸಕ್ಕೆ ಪಾಲಿನ ಒಂದು ಮೂಲೆ ಸಾಕು. ಖಾಲಿ ಕಂಡರೆ ಕತೆ ಮುಗಿಯಿತು.

ಮೇಲಿನ ಸಾಹೇಬರು ಪರದೆ ನೋಡಿದರು. "ಪೂರಾ ತುಂಬೈತಲ್ರಿ. ದೊಡ್ಡ ದೊಡ್ಡ ಕಾರ್ಖಾನಿಯವ್ರೂ ಇಷ್ಟು ಬಳಸಿಲ್ಲ. ಏನೇನು ಓಡಸ್ತೀರಿ?"

ನನಗೂ ಗೊತ್ತಿರಲಿಲ್ಲ. ಮುನೀಮರನ್ನು ನೋಡಿದೆ. ಅವರು ಹೆಮ್ಮೆಯಿಂದಲೇ ಹೇಳಿದರು. "ಸೋಮವಾರ ಚಿಕ್ಕೋಡಿ ಡೈರಿಯವ್ರ ಹಾಲಿನ ಲೆಕ್ಕ. ಮುಹೂರ್ತ ಇದ್ದ ದಿನ ಕಾಗವಾಡದ ಮಂಟಪದಿಂದ ಮದುವಿ ನೇರ ಪ್ರಸಾರ. ನಡುವ ಹಾರೂಗೇರಿ ಬ್ಯಾಂಡಿನವ್ರು ಹಾಡಿನ ರೆಕಾರ್ಡಿಂಗ್ ಕೂಡಸ್ಕೋತಾರ. ಮೊದಲು ನಮ್ಮ ಕೋಣಿ, ಉಳದದ್ದು ಪಾಳಿ ಹಚ್ಚೀನ್ರಿ."

ಮೇಲಿನ ಸಾಹೇಬರು ಕರಾರು ಪತ್ರ ತೆಗೆದರು. "ಇದ್ರಾಗ ಗ್ರಾಹಕರ ಸ್ವಂತ ಕೆಲಸ ಅಂತ ಐತಿ. ಮಂದಿ ಮದುವಿ ನಿಮ್ಮ ಸ್ವಂತ ಕೆಲಸ ಹೆಂಗಾತು? ಕರಾರು ಮುರದಂಗ ಆತು."

ನನ್ನ ಅರ್ಧ ಬಾಡಿಗೆ ಹೋಯಿತು ಅಂದುಕೊಂಡೆ. ಕಾಕಾ ಬಾಯಿ ಹಾಕಿದರು. "ನಮ್ಮ ತಂಗಿ ಬೀಗರ ಮನಿ ಮದುವಿ ಅದು. ನಿಂತು ಬಡಿಸೀನಿ. ಸ್ವಂತ ಕೆಲಸ ಅಲ್ಲಂದ್ರ ಯಾಕ ಹೋಗ್ತಿದ್ದೆ?"

"ಡೈರಿ?"

"ನೀವೀಗ ಕುಡಿಯೂ ಚಹಾದಾಗಿನ ಹಾಲು ಅವರದ."

"ಬ್ಯಾಂಡು?"

"ಬ್ಯಾಂಡ್ ಇಲ್ಲದ ಮದುವಿ ಆಗತೈತೇನ್ರಿ? ಬಾವಿ ಪಾಲು ಅಂತ ನಿಮ್ಮವ್ರ ಒಪ್ಪ್ಯಾರ. ಅವರ್ನ ಕೇಳ್ರಿ."

ಬೆಳಗಾವಿಯ ಸಾಹೇಬರು ಬ್ಯಾಗಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕತೊಡಗಿದರು. ಮೇಲಿನವರು ಚಹಾ ಮುಗಿಸಿ ಕರಾರು ಪತ್ರ ಮಡಚಿದರು. ಆಮೇಲೆ ಮೆಲ್ಲಗೆ ಕೇಳಿದರು. "ಆ ಪ್ರಸಾರ ನಿಲ್ಲದ ಬರತೈತೇನ್ರಿ? ಮುಂದಿನ ತಿಂಗಳು ನಿಪ್ಪಾಣಿಯಾಗ ನನ್ನ ಮಗಳ ಮದುವಿ ಐತಿ. ಬೀಗರ ಕಡೆ ಅಜ್ಜಿಗೆ ಪುಣೆಯಿಂದ ಎದ್ದು ಬರಾಕ ಆಗಂಗಿಲ್ಲ."

"ನೆಟ್‌ವರ್ಕ್ ನಿಮ್ದ ಐತಲ್ರಿ," ಎಂದೆ ನಾನು.

"ಮಂಟಪ ತುಂಬಿತಂದ್ರ ನಮ್ದು ಹಿಡಿಯಂಗಿಲ್ರಿ."

ಮುನೀಮರು ಕೇಳಿದರು, "ಯಾವ ವಾರ್ರಿ?"

"ಸೋಮವಾರ."

"ಸೋಮವಾರ ಡೈರಿ ಪಾಳಿ. ಕೇಳಿ ನೋಡ್ತೀನಿ. ಈಗ ಮಾತು ಕೊಡಂಗಿಲ್ಲ."

ಡೈರಿಯವರು ಬಿಟ್ಟುಕೊಟ್ಟರು. ಒಟ್ಟು ಗಳಿಕೆ: ಮೂರು ವರ್ಷ ಅರ್ಧ ಬಾಡಿಗೆ, ಒಂದು ಕೋಣೆಯ ಮಾಲೂ ಕಪ್ಪಾಗದೆ ಕಳೆದ ಬೇಸಿಗೆ, ಪಾಳಿಗೆ ಬದಲಾಗಿ ಡೈರಿಯಿಂದ ತುಪ್ಪ. ಖರ್ಚು: ಮೇಲಿನ ಸಾಹೇಬರ ಮಗಳಿಗೆ ಮದುವೆಯ ಆಹೇರಿ ಉಡುಗೊರೆ. ಹೊಸ ಕರಾರಿನಲ್ಲಿ ಒಂದು ಮಾತು ಹೆಚ್ಚಿಗೆ ಬಂದಿದೆ, ಮೇಲಿನ ಸಾಹೇಬರೇ ಹಾಕಿಸಿದ್ದು: "ಗ್ರಾಹಕರ ಸ್ವಂತ ಕೆಲಸ, ಬೀಗರ ಕೆಲಸವೂ ಸೇರಿ."