ಮಾವನ ನೌಕೆಯಲ್ಲಿ ಜಾಗವಿಲ್ಲ!

ನಮ್ಮ ಸೋದರಮಾವನಷ್ಟು ಅಳೆದು ತೂಗಿ ಸುಳ್ಳು ಹೇಳುವವರನ್ನು ನಾನಂತೂ ಕಂಡಿಲ್ಲ! ಎಪ್ಪತ್ತರ ದಶಕದಲ್ಲಿ ತಿರುವನಂತಪುರದ ರಾಕೆಟ್ ಕಚೇರಿಯಲ್ಲಿ ಒಂದೊಂದು ಬಿಡಿಭಾಗದ ತೂಕ ಬರೆದಿಡುವುದು ಅವರ ಕೆಲಸ. ಸಂಜೆ ಅದೇ ಊರಿನ ಶ್ರೀಕಾರ್ಯಂ ಬಡಾವಣೆಯ ನಮ್ಮ ಮನೆಗೆ ಬಂದ ಮೇಲೆ ಅಲ್ಲಿನ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ ಚಂದ್ರಯಾತ್ರೆಯ ಧಾರಾವಾಹಿ. ಅಲ್ಲೂ ತೂಕವೇ! ಆರು ಜನ ಯಾತ್ರಿಕರು, ಅವರ ಹಾಸಿಗೆ ಸುತ್ತಿದ ಹೋಲ್ಡಾಲು, ಡಜನ್ನುಗಟ್ಟಲೆ ಉಪ್ಪಿನಕಾಯಿ ಜಾಡಿ, ಎಲ್ಲದರ ತೂಕದ ಪಟ್ಟಿ ಮೊದಲ ಪುಟದಲ್ಲೇ. ಕ್ಯಾಪ್ಟನ್ ಯಾರು? ಇನ್ಯಾರು, ಸ್ವತಃ ಮಾವ!

ಅಕ್ಷರ ಮಾತ್ರ ಕಾಗೆಕಾಲು ಗುಬ್ಬಿಕಾಲು. ಅದನ್ನು ದುಂಡಗೆ ನಕಲು ಮಾಡುವ ಕರ್ಮ ನನ್ನದು. ಹನ್ನೆರಡು ವರ್ಷದವಳು, ಪೋಲಿಯೋ ಬಂದ ಎಡಗಾಲಿಗೆ ಕಬ್ಬಿಣದ ಕ್ಯಾಲಿಪರ್, ಆಟಕ್ಕಂತೂ ಹೋಗುವುದಿಲ್ಲ. ಬರೆಯಲಿ ಬಿಡಿ ಎಂದು ಎಲ್ಲರ ತೀರ್ಮಾನ.

ಮೊದಲ ಕಂತು ಓದಿದ್ದೇ ತಡ, ಧಾರವಾಡದ ಬ್ಯಾಂಕ್ ಮ್ಯಾನೇಜರು ಮನೆಗೇ ಬಂದರು. “ಏನ್ರೀ, ಚಂದ್ರನ ಮ್ಯಾಲೆ ಬರೇ ಮೈಸೂರು ಮಂದೀನ ಹೋಗೂದೇನ್ರಿ?”

ಮಾವ ಧಾರವಾಡದವರೊಬ್ಬರನ್ನು ಹತ್ತಿಸಿ, ಎಲ್ಲರ ಹೋಲ್ಡಾಲು ಇಳಿಸಿದರು. ಪಟ್ಟಿ ಬದಲು, ನನಗೆ ಮತ್ತೆ ನಕಲು! ಮುಂದಿನ ವಾರ ಮಂಗಳೂರಿನವರು: “ಎಂತ ಮಾರಾಯ್ರೆ, ನಾವು ಬೇಡ್ವಾ ನಿಮಗೆ?” ಅವರು ಹತ್ತಿದರು, ಉಪ್ಪಿನಕಾಯಿ ಇಳಿಯಿತು. ಆಮೇಲೆ ಪಕ್ಕದ ಮನೆಯ ಚೇಚಿ, ಅಂದರೆ ಮಲಯಾಳಿ ಅಕ್ಕ, ಕಥೆ ಕೇಳಿಸಿಕೊಂಡು ಸೊಂಟಕ್ಕೆ ಕೈಯಿಟ್ಟರು. ತಿರುವನಂತಪುರದಿಂದ ಹೊರಡುವ ನೌಕೆಯಲ್ಲಿ ಒಬ್ಬ ಮಲಯಾಳಿಯೂ ಇಲ್ಲವೇ? ನ್ಯಾಯವೇ! ಪಾಪ, ಮೈಸೂರಿನವರೊಬ್ಬರು ಇಳಿಯಬೇಕಾಯಿತು. ನನಗೆ ನಾಲ್ಕನೇ ಸಲ ನಕಲು. ಕೈ ಬಿದ್ದುಹೋಗಿತ್ತು, ತಲೆ ಕೆಟ್ಟುಹೋಗಿತ್ತು.

“ಮಾವ, ಹುಡುಗೀರು ಒಬ್ಬರೂ ಇಲ್ವಲ್ಲ! ನನ್ನ ಹತ್ತಿಸಿ.”

“ಜಾಗ ಇಲ್ಲ ಕಣೆ. ತೂಕ ನೋಡು!”

“ಊರೋರಿಗೆಲ್ಲ ಜಾಗ ಇದೆ. ನನ್ನ ಕಾಲು ಸರಿ ಇಲ್ಲ, ಅದಕ್ಕೆ ತಾನೆ?” ಎಂದು ಪೆನ್ನು ಎಸೆದೆ. ಮಾವ ಬಗ್ಗಿ ಅದನ್ನು ಎತ್ತಿ ಮೇಜಿನ ಮೇಲಿಟ್ಟರು.

ಒಂದು ವಾರ ನಾನು ನಕಲಿಗೆ ಕೈ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹೊಸ ಪಟ್ಟಿ ಇತ್ತು. ಕ್ಯಾಪ್ಟನ್ ಜಾಗದಲ್ಲಿ ನನ್ನ ಹೆಸರು, ಇಪ್ಪತ್ತೆಂಟು ಕಿಲೋ. ಮಾವ ಇಳಿದುಬಿಟ್ಟಿದ್ದರು. ಅವರ ಹೊಟ್ಟೆ ಇಳಿದ ಮೇಲೆ ಕೇಳಬೇಕೆ? ಹೋಲ್ಡಾಲು, ಉಪ್ಪಿನಕಾಯಿ, ಎಲ್ಲವೂ ವಾಪಸು ಹತ್ತಿದ್ದವು! ಕೆಳಗೆ ಒಂದು ಸಾಲು: “ಕ್ಯಾಪ್ಟನ್ನರ ಕ್ಯಾಲಿಪರ್ ಬೇಕಾಗಿಲ್ಲ. ನೌಕೆಯಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ತೇಲುತ್ತಾರೆ.”

ಅದೊಂದು ಕಂತನ್ನು ನಾನು ಗೊಣಗದೆ ನಕಲು ಮಾಡಿದೆ. ಒಂದೇ ಒಂದು ಕಡೆ, ಯಾರನ್ನೂ ಕೇಳದೆ, ಪಟ್ಟಿ ತಿದ್ದಿದೆ. ಮಾವನನ್ನು ಮತ್ತೆ ಹತ್ತಿಸಿಕೊಂಡೆ. ತೂಕ ಹೆಚ್ಚಾದರೆ ಆಗಲಿ, ಕ್ಯಾಪ್ಟನ್ ನಾನು ತಾನೆ!