ನನ್ನ ತಲೆಪಟ್ಟಾಭಿಷೇಕ

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಸಮಾಧಾನ ಮಾಡುವುದು ಎಷ್ಟು ಕಷ್ಟ ಅಂತ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅರ್ಥವಾಗುವುದಿಲ್ಲ. ನನ್ನನ್ನು ಕೇಳಿ. ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗದಲ್ಲಿ ಫೋನ್ ಎತ್ತುವ ಮಹತ್ಕಾರ್ಯ ನನ್ನದು. ಫೋನ್ ಮಾಡುವವರೆಲ್ಲ ಎರಡು ಮಹಡಿಗಳ ನಡುವೆ ತ್ರಿಶಂಕುಗಳಾಗಿ ನಿಂತವರು. ಅವರು ಕಿರುಚುತ್ತಾರೆ, ನಾನೂ ಕಿರುಚುತ್ತೇನೆ. ಲೆಕ್ಕ ಸರಿಹೋಗುತ್ತಿತ್ತು.

ಹೋದ ತಿಂಗಳು ಒಬ್ಬ ಹಲ್ಲಿನ ಡಾಕ್ಟರು ಸರಿಯಾಗಿ ಮೂರೂವರೆ ಮಹಡಿಯಲ್ಲಿ ಸಿಕ್ಕಿಕೊಂಡು ಐದನೇ ಸಲ ಫೋನ್ ಮಾಡಿದಾಗ ಮಾತ್ರ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ನಮ್ಮ ಮೆಕ್ಯಾನಿಕ್ ಬರೋ ತನಕ ಎಲ್ಲೂ ಹೋಗದೆ ಅಲ್ಲೇ ಇರಿ!" ಎಂದು ಗುಡುಗಿದೆ.

"ಎಲ್ಲಿಗ್ರೀ ಹೋಗ್ಲಿ?" ಎಂದರು ಅವರು.

ಎಲ್ಲಿಗೆ ಹೋಗಬಹುದು ಅಂತ ಹೇಳಿಯೇ ಬಿಟ್ಟೆ. (ಮೇಲಕ್ಕೆ. ಲಿಫ್ಟಿನ ಸಹಾಯವಿಲ್ಲದೆ.)

ಮರುದಿನ ಮ್ಯಾನೇಜರು ಕರೆದರು. "ಒಂದು ತಿಂಗಳು ಟೈಮ್ ಕೊಡ್ತೀನಿ, ತಲೆ ತಣ್ಣಗಿಟ್ಟುಕೊಳ್ಳೋದು ಕಲೀರಿ. ಇಲ್ಲಾಂದ್ರೆ ನೆಲಮಾಳಿಗೆ ಗೋದಾಮಿನಲ್ಲಿ ಸ್ಪ್ರಿಂಗ್ ಎಣಿಸ್ತಾ ಕೂತ್ಕೊಳ್ಳಿ. ಅವುಗಳ ಮೇಲೆ ಎಷ್ಟು ಬೇಕಾದ್ರೂ ಕೂಗಾಡಿ, ಅವು ದೂರು ಕೊಡಲ್ಲ."

ಹಾಗೆ ನಮ್ಮ ಮನೆಗೆ ತಲೆಪಟ್ಟಿ ಬಂತು. ಹಣೆಗೆ ಕಟ್ಟಿಕೊಂಡರೆ ಅದು ಮಿದುಳಿನ ಮಿಡಿತವನ್ನು ಓದಿ ಮೊಬೈಲಿಗೆ ಚಾಡಿ ಹೇಳುತ್ತದೆ. ಮನಸ್ಸು ಶಾಂತವಾಗಿದ್ದರೆ ಮೊಬೈಲಿನಲ್ಲಿ ಹಕ್ಕಿ ಚಿಲಿಪಿಲಿ, ಕೆರಳಿದರೆ ಬಿರುಗಾಳಿ. ಜೊತೆಗೆ ನೂರಕ್ಕೆ ಇಷ್ಟು ಅಂತ ನೆಮ್ಮದಿಯ ಅಂಕ. ದಿನಾ ಅಭ್ಯಾಸ ಮಾಡಿದರೆ ಮಿದುಳು ಪಳಗುತ್ತದಂತೆ.

ಭಾನುವಾರ ಮಧ್ಯಾಹ್ನ ಸೋಫಾದ ಮೇಲೆ ನನ್ನ ತಲೆಪಟ್ಟಾಭಿಷೇಕ ನಡೆಯಿತು. ಎದುರಿಗೆ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಉತ್ತರಪತ್ರಿಕೆಗಳ ಗುಡ್ಡೆ ಹಾಕಿಕೊಂಡು ಕೆಂಪು ಪೆನ್ನು ಝಳಪಿಸುತ್ತಿದ್ದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಮ್ಮ ಅತ್ತೆ. ಒಂದು ವಾರಕ್ಕೆಂದು ಬಂದವರಿಗೆ ಇದು ಮೂರನೇ ತಿಂಗಳು. ರಾತ್ರಿ ನಿದ್ದೆ ಹತ್ತುವುದಿಲ್ಲ ಎನ್ನುವುದೊಂದೇ ಅವರ ಕೊರಗು. ಕಾಲೇಜಿಗೆ ಹೋಗುವ ಮಗಳು ಮೊಬೈಲು ಹಿಡಿದು ತಾಂತ್ರಿಕ ಸಲಹೆಗಾರಳಾಗಿ ನಿಂತಳು.

ಕಣ್ಣು ಮುಚ್ಚಿದೆ. ಉಸಿರೆಳೆದೆ. ಭೋರ್ ಅಂತ ಗಾಳಿ!

"ಹನ್ನೊಂದು," ಎಂದಳು ಮಗಳು.

"ನೂರಕ್ಕೆ ಹನ್ನೊಂದಾ?" ಹೆಂಡತಿ ಪೆನ್ನು ನಿಲ್ಲಿಸಿದಳು. "ನಮ್ಮ ಶಾಲೇಲಿ ಖಾಲಿ ಹಾಳೆ ಕೊಟ್ಟೋರಿಗೂ ಇದಕ್ಕಿಂತ ಜಾಸ್ತಿ ಬರುತ್ತೆ ರೀ."

"ನೀನು ಸುಮ್ನಿದ್ರೆ ನನಗೂ ಬರುತ್ತೆ!" ಎಂದೆ. ಗಾಳಿಯ ಜೊತೆ ಗುಡುಗೂ ಸೇರಿಕೊಂಡಿತು.

ಅವಳು ಹತ್ತಿರ ಬಂದು, ಬಹಳ ಮೃದುವಾಗಿ ಕೇಳಿದಳು. (ಆ ಮೃದುತನ ಕೇಳಿದರೆ ಅನುಭವಸ್ಥ ಗಂಡಂದಿರು ಚಪ್ಪಲಿ ಹುಡುಕಿಕೊಳ್ಳುತ್ತಾರೆ.) "ರೀ, ಅಮ್ಮ ಇನ್ನೂ ಎರಡು ತಿಂಗಳು ಇಲ್ಲೇ ಇರ್ತಾಳಂತೆ. ನಿಮಗೇನೂ ಬೇಜಾರಿಲ್ಲ ತಾನೆ?"

"ಛೆ ಛೆ! ಇರ್ಲಿ ಪಾಪ. ನನಗೂ ಎಷ್ಟೋ ಖುಷಿ," ಎಂದು ಮುಗುಳ್ನಕ್ಕೆ.

ಮೊಬೈಲಿನಲ್ಲಿ ಚಂಡಮಾರುತ ಎದ್ದಿತು. ಮರ ಬಿದ್ದ ಸದ್ದು, ತಗಡು ಹಾರಿದ ಸದ್ದು, ಎಲ್ಲೋ ಸಮುದ್ರವೇ ಉಕ್ಕಿದ ಸದ್ದು.

"ಕಿಟಕಿ ಹಾಕಮ್ಮಾ, ಜೋರು ಮಳೆ ಬರೋ ಹಾಗಿದೆ," ಎಂದರು ಅತ್ತೆ.

"ಮಳೆಯಲ್ಲ ಅಮ್ಮಾ, ನಿನ್ನ ಅಳಿಯಂದಿರ ಮನದಾಳ," ಎಂದಳು ನನ್ನವಳು.

ಅಂದಿನಿಂದ ನನ್ನ ಶಾಂತಿಯಂತ್ರ ಅವಳ ನ್ಯಾಯಾಲಯವಾಯಿತು. ನಾನು ಪಟ್ಟಿ ಕಟ್ಟಿ ಕೂತರೆ ಸಾಕು, ಅಡ್ಡಸವಾಲು ಶುರು. ಅವಳ ನೀಲಿ ಹೂದಾನಿ ತಾನಾಗಿಯೇ ಬಿದ್ದು ಒಡೆಯಿತೇ? (ಬಿರುಗಾಳಿ.) ಅವಳು ಆರಿಸಿದ ಹಸಿರು ಪರದೆ ನಿಜವಾಗಿ ಇಷ್ಟವೇ? (ಗುಡುಗು.) ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ಇತ್ತೇ, ಕೇರಂ ಪಂದ್ಯವೇ? (ಸಿಡಿಲು.) ಮನೆಯಲ್ಲಿ ನನ್ನ ಮಾನದ ಅಂಕ ಸೊನ್ನೆಗಿಳಿಯಿತು. ಅತ್ತೆಯಂತೂ ಕಾಫಿ ಲೋಟವನ್ನು ನನ್ನ ಕೈಗೆ ಕೊಡುವುದನ್ನು ಬಿಟ್ಟು ಮೇಜಿನ ಮೇಲೆ ಕುಕ್ಕತೊಡಗಿದರು. ಗಡುವಿಗೆ ಉಳಿದದ್ದು ನಾಲ್ಕೇ ದಿನ. ನನ್ನ ಅಂಕ ಹದಿಮೂರು ದಾಟಿರಲಿಲ್ಲ.

ಕೊನೆಗೊಂದು ಸಂಜೆ ಕೆಂಡಾಮಂಡಲವಾಗಿ ಪಟ್ಟಿ ಕಿತ್ತು ಅವಳ ಹಣೆಗೆ ಕಟ್ಟಿದೆ. "ಈಗ ನನ್ನ ಸರದಿ! ನಿನ್ನ ಬಂಡವಾಳವೂ ಬಯಲಾಗ್ಲಿ!"

"ಕೇಳಿ, ನಂಗೇನು ಭಯ?" ಎಂದು ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದಳು.

ಇಂಥ ಪ್ರಶ್ನೆಗೆ ಪೀಠಿಕೆ ಬೇಡವೇ? ನಮ್ಮ ಮದುವೆಯ ದಿನದಿಂದ ಶುರು ಮಾಡಿದೆ. ನನ್ನ ಮೊದಲ ಕೆಲಸ, ಎರಡನೇ ಬಾಡಿಗೆ ಮನೆಯ ನಲ್ಲಿಯ ಸಮಸ್ಯೆ, ಬಡ್ತಿ ತಪ್ಪಿದ ಮೂರು ಪ್ರಸಂಗಗಳು, ಅವುಗಳ ಹಿಂದಿದ್ದ ರಾಜಕೀಯ, ಎಲ್ಲವನ್ನೂ ಹಂತಹಂತವಾಗಿ ವಿವರಿಸಿ, ಗದ್ಗದ ಕಂಠದಿಂದ ಕೇಳಿದೆ: "ಇಷ್ಟೆಲ್ಲ ಆದ ಮೇಲೂ, ನನ್ನ ಕಟ್ಟಿಕೊಂಡು ನೀನು ಸುಖವಾಗಿದ್ದೀಯಾ?"

ಚಿಲಿಪಿಲಿ! ಒಂದಲ್ಲ, ಎರಡಲ್ಲ, ಇಡೀ ಕಾಡೇ ಹಾಡಿತು. ತೊಂಬತ್ತಾರು! ನನ್ನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ಪ್ರೀತಿಯನ್ನು ಒಳಗಿಟ್ಟುಕೊಂಡು ಹೊರಗೆ ಕೆಂಪು ಪೆನ್ನು ಹಿಡಿದಿದ್ದಳಲ್ಲ, ಮಹಾತಾಯಿ! ಅವಳ ಕೈ ಹಿಡಿದುಕೊಂಡೆ.

ಮಗಳು ಬಗ್ಗಿ ನೋಡಿದಳು. "ಅಪ್ಪಾ, ಅಮ್ಮ ಗೊರಕೆ ಹೊಡೀತಿದ್ದಾಳೆ."

"ಯಾವಾಗಿನಿಂದ?"

"ನಲ್ಲಿಯಿಂದ."

ಅತ್ತೆ ಕುರ್ಚಿಯಿಂದ ಎದ್ದು ಬಂದೇ ಬಿಟ್ಟರು. ನನ್ನವಳ ಹಣೆಯಿಂದ ಪಟ್ಟಿ ಬಿಡಿಸಿ ತಾವೇ ಕಟ್ಟಿಕೊಂಡು ಎದುರಿಗೆ ಕೂತರು. "ಅಳಿಯಂದ್ರೇ, ಅದೇನೋ ಬಡ್ತಿ ರಾಜಕೀಯ ಅಂದ್ರಲ್ಲ, ಅಲ್ಲಿಂದ ಹೇಳಿ." ಎರಡನೇ ಬಡ್ತಿ ತಪ್ಪುವ ಮೊದಲೇ ಅವರ ತಲೆ ವಾಲಿತು. ವರ್ಷಗಳಿಂದ ಬಾರದ ನಿದ್ದೆ ಬಂದಿತ್ತು.

ನನಗಾದ ಅವಮಾನ ಅಷ್ಟಿಷ್ಟಲ್ಲ. ಆದರೆ ಮಗಳು ಭುಜ ತಟ್ಟಿದಳು. "ಅಪ್ಪಾ, ನಾಳೆ ಆಫೀಸಲ್ಲಿ ಕೂಗಬೇಡ. ಮನೇಲಿ ಮಾತಾಡೋ ಹಾಗೆ ಮಾತಾಡು. ಅಷ್ಟೇ."

ಮರುದಿನವೇ ಒಬ್ಬ ವಕೀಲರು ಏಳನೇ ಮಹಡಿಯ ಹತ್ತಿರ ಸಿಕ್ಕಿಕೊಂಡು ಕೇಸು ಹಾಕುತ್ತೇನೆಂದು ಅಬ್ಬರಿಸಿದರು. ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಲಿಫ್ಟಿನ ಉಕ್ಕಿನ ಹಗ್ಗ ಹೇಗೆ ಹೆಣೆಯುತ್ತಾರೆ, ಅದಕ್ಕೆ ಎಂಥ ಗ್ರೀಸ್ ಹಚ್ಚುತ್ತಾರೆ, ಆ ಗ್ರೀಸಿನ ವಿಚಾರದಲ್ಲಿ ನನ್ನ ಸ್ವಂತ ಅಭಿಪ್ರಾಯವೇನು ಎಂದು ನಿಧಾನವಾಗಿ ಹೇಳತೊಡಗಿದೆ. ಇಪ್ಪತ್ತು ನಿಮಿಷದ ನಂತರ ಮೆಕ್ಯಾನಿಕ್ ಬಾಗಿಲು ತೆಗೆದಾಗ ವಕೀಲರು ಕೋಟು ಮಡಚಿ ತಲೆಗಿಟ್ಟುಕೊಂಡು ಮಲಗಿದ್ದರಂತೆ. ಎಬ್ಬಿಸಿದ್ದಕ್ಕೆ ಮೆಕ್ಯಾನಿಕ್ಕಿಗೇ ಬೈದರಂತೆ.

"ಅದ್ಭುತ!" ಎಂದರು ಮ್ಯಾನೇಜರು, ಆಕಳಿಸುತ್ತ. ನನ್ನ ಕುರ್ಚಿ ಉಳಿಯಿತು.

ಮನೆಯಲ್ಲಿ ಈಗ ನನಗೆ ಎಲ್ಲಿಲ್ಲದ ಬೇಡಿಕೆ. ಸಂಜೆಯಾದರೆ ಪಟ್ಟಿಗಾಗಿ ಅತ್ತೆಗೂ ನನ್ನವಳಿಗೂ ಕಿತ್ತಾಟ: "ನಿನ್ನೆ ನೀನು ಕೇಳ್ದೆ, ಇವತ್ತು ನಂಗೆ ಹೇಳ್ಲಿ." ನೆಮ್ಮದಿಯ ದಾಖಲೆ ಮುರಿಯುವ ಹುಚ್ಚು ಇಬ್ಬರಿಗೂ ಹತ್ತಿದೆ.

ನಿನ್ನೆ ಅತ್ತೆಯ ಸರದಿ. ನನಗೂ ಸ್ವಾಭಿಮಾನ ಅಂತ ಒಂದಿದೆಯಲ್ಲ? ಇವರ ಕೂದಲು ನಿಮಿರಿಸಲೇಬೇಕೆಂದು, ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದ ನನ್ನ ಜೀವನದ ಏಕೈಕ ಸಾಹಸವನ್ನು ಹೊರತೆಗೆದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಬಾವಿಗೆ ಇಣುಕಿದ್ದು, ಕಾಲು ಜಾರಿದ್ದು, ಒಂದೇ ಕೈಯಲ್ಲಿ ಕಂಬಿಗೆ ಜೋತುಬಿದ್ದದ್ದು! ಎದ್ದು ನಿಂತೆ, ಕೈ ಬೀಸಿದೆ. "ಕೆಳಗೆ ಬರೀ ಕತ್ತಲು! ಬೆರಳು ಒಂದೊಂದಾಗಿ ಜಾರ್ತಿದೆ! ಇನ್ನೇನು ಬಿದ್ದೆ, ಬಿದ್ದೆ..." ಎಂದು ಉಸಿರು ಬಿಗಿಹಿಡಿದು ನಿಲ್ಲಿಸಿದೆ.

ಹಕ್ಕಿಗಳು ಉಲಿಯುತ್ತಿದ್ದವು. ಹೆಂಡತಿ ಪಟ್ಟಿಯಿಲ್ಲದೆಯೇ ಮಲಗಿದ್ದಳು. ಮಗಳು ಮೊಬೈಲಿನಿಂದ ಕಣ್ಣು ಕೀಳದೆ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು:

"ಅಪ್ಪಾ, ಅಜ್ಜಿ ತೊಂಬತ್ತೆಂಟಕ್ಕೆ ಬಂದಿದ್ದಾರೆ. ಸ್ವಲ್ಪ ನಿಧಾನವಾಗಿ ಬೀಳು."

ಬಿದ್ದೆ. ಒಂದೊಂದೇ ಮಹಡಿಯಾಗಿ.